ಲೋಹದ ಫಲಕದ ಮೇಲಿನ ಹಳೆಯ ಛಾಯಾಚಿತ್ರಗಳು: ಗುರುತಿಸುವುದು, ಬಿಚ್ಚುವುದು, ಕಾಪಾಡುವುದು

ಲೋಹದ ಮೇಲಿನ ಹಳೆಯ ಛಾಯಾಚಿತ್ರ ಕೈಗೆ ಬಂದರೆ ಮೊದಲು ತಿಳಿಯಬೇಕಾದದ್ದು ಅದು ಬೆಳ್ಳಿಯದೋ ಕಬ್ಬಿಣದ್ದೋ ಎಂಬುದು. ಬೆಳ್ಳಿಯ ಶತ್ರು ಗಂಧಕ, ಕಬ್ಬಿಣದ ಶತ್ರು ನೀರು. ಒಂದಕ್ಕೆ ಮಾಡಬೇಕಾದ ಆರೈಕೆಯನ್ನು ಇನ್ನೊಂದಕ್ಕೆ ಮಾಡಿದರೆ ಚಿತ್ರ ಕೆಡುತ್ತದೆ. ಎರಡಕ್ಕೂ ಅನ್ವಯಿಸುವ ನಿಯಮ ಒಂದೇ: ಚಿತ್ರವಿರುವ ಮೇಲ್ಮೈಯನ್ನು ಮುಟ್ಟಬೇಡಿ, ಅದರ ಸುತ್ತಲಿನ ಗಾಜು, ಗಾಳಿ, ಪೆಟ್ಟಿಗೆಗಳನ್ನು ಸರಿಪಡಿಸಿ. ಸಂರಕ್ಷಣೆಯ ಮುಕ್ಕಾಲು ಪಾಲು ಕೆಲಸ ಅಲ್ಲೇ ಇದೆ.

ಯಾವುದು ಯಾವುದು

ಬೆಳ್ಳಿಯದು ಡಗೆರೋಟೈಪ್. ಫ್ರಾನ್ಸಿನ ಲೂಯಿ ಡಗೆರ್ ಕಂಡುಕೊಂಡ ಈ ವಿಧಾನದ ಸುದ್ದಿ 1839ರ ಜನವರಿ 7ರಂದು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯಲ್ಲಿ ಹೊರಬಿತ್ತು. ಆಗಸ್ಟ್ 19ರಂದು ವಿಧಾನವನ್ನೇ ಬಹಿರಂಗಪಡಿಸಲಾಯಿತು. ತಾಮ್ರದ ತಗಡಿಗೆ ಬೆಳ್ಳಿಯ ತೆಳು ಹೊದಿಕೆ ಕೊಟ್ಟು, ಅದು ಕನ್ನಡಿಯಾಗುವವರೆಗೆ ಉಜ್ಜಿ, ಅಯೋಡಿನ್ ಹಬೆಗೆ ಹಿಡಿಯುತ್ತಿದ್ದರು. ಮುಂದೆ ಬೇಗ ಚಿತ್ರ ಮೂಡಲೆಂದು ಬ್ರೋಮಿನ್, ಕ್ಲೋರಿನ್ ಹಬೆಗಳೂ ಸೇರಿದವು. ಕ್ಯಾಮೆರಾದಲ್ಲಿ ಬೆಳಕು ಕಂಡ ಫಲಕವನ್ನು ಬಿಸಿ ಪಾದರಸದ ಆವಿಯಲ್ಲಿ ಇಟ್ಟರೆ ಚಿತ್ರ ಕಾಣಿಸಿಕೊಳ್ಳುತ್ತಿತ್ತು. ಆಮೇಲೆ ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್ ದ್ರಾವಣದಲ್ಲಿ ತೊಳೆಯುವುದು. 1840ರಲ್ಲಿ ಫ್ರಾನ್ಸಿನ ಭೌತವಿಜ್ಞಾನಿ ಫಿಜೋ ಚಿನ್ನದ ಲವಣದಿಂದ ಚಿತ್ರವನ್ನು ಗಟ್ಟಿಗೊಳಿಸುವ ದಾರಿ ತೋರಿಸಿದ. ಅದಕ್ಕೂ ಹಿಂದಿನ ಫಲಕಗಳು ಇನ್ನೂ ಸೂಕ್ಷ್ಮ.

ಚಿತ್ರದ ಬಿಳಿ ಭಾಗಗಳಲ್ಲಿ ಇರುವುದು ಬೆಳ್ಳಿ–ಪಾದರಸ ಮಿಶ್ರಣದ ಅತಿ ಸಣ್ಣ ಕಣಗಳು. ಒಂದೊಂದೂ ಒಂದು ಮೈಕ್ರಾನಿನಷ್ಟು (ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು), ಹಲವು ಅದಕ್ಕೂ ಚಿಕ್ಕವು. ಕಪ್ಪು ಭಾಗಗಳಲ್ಲಿ ಏನೂ ಇಲ್ಲ, ಬರಿಯ ಹೊಳೆಯುವ ಬೆಳ್ಳಿ. ಕಣಗಳ ಮೇಲೆ ಜೆಲಟಿನ್ ಆಗಲಿ ವಾರ್ನಿಷ್ ಆಗಲಿ ಇರುವುದಿಲ್ಲ. ನೇರಳೆ ಹಣ್ಣಿನ ಮೇಲಿನ ಬೂದಿಯಂತೆ ಅವು ಬೆರಳು ತಾಕಿದಲ್ಲಿ ಅಳಿಸುತ್ತವೆ, ಮತ್ತೆ ಬರುವುದಿಲ್ಲ.

ಗುರುತು ಹಿಡಿಯುವುದು ಸುಲಭ. ಫಲಕವನ್ನು ಕೈಯಲ್ಲಿ ಹಿಡಿದು ನಿಧಾನವಾಗಿ ಓರೆ ಮಾಡಿ. ಅದರಲ್ಲಿ ಕಪ್ಪು ವಸ್ತು ಪ್ರತಿಫಲಿಸಿದಾಗ ಮುಖ ಸರಿಯಾಗಿ ಕಾಣುತ್ತದೆ. ಬಿಳಿ ಗೋಡೆ ಪ್ರತಿಫಲಿಸಿದಾಗ ಅದೇ ಮುಖ ನೆಗೆಟಿವ್ ಆಗುತ್ತದೆ. ಹೀಗೆ ತಿರುಗುವುದು ಡಗೆರೋಟೈಪ್ ಮಾತ್ರ.

ಕಬ್ಬಿಣದ್ದು ಟಿನ್‌ಟೈಪ್. ಹೆಸರಿನಲ್ಲಿ ತವರವಿದ್ದರೂ ತಗಡು ತೆಳು ಕಬ್ಬಿಣ. ಅದಕ್ಕೆ ಕಪ್ಪು ಅಥವಾ ಕಂದು ಬಣ್ಣದ ಜಪಾನ್ ಅರಗು ಹಚ್ಚಿ ಬೇಯಿಸಿ, ಅದರ ಮೇಲೆ ಕಲೋಡಿಯನ್ ಎಂಬ ಅಂಟಿನಂಥ ದ್ರಾವಣದ ಪದರದಲ್ಲಿ ಬೆಳ್ಳಿಯ ಚಿತ್ರ ಮೂಡಿಸಿ, ಕೊನೆಗೆ ವಾರ್ನಿಷ್ ಹೊಡೆಯುತ್ತಿದ್ದರು. ಫ್ರಾನ್ಸಿನ ಮಾರ್ತಾಂ 1853ರಲ್ಲಿ ಇದನ್ನು ವಿವರಿಸಿದ. ಅಮೆರಿಕದ ಓಹಾಯೋದ ಹ್ಯಾಮಿಲ್ಟನ್ ಸ್ಮಿತ್ 1856ರಲ್ಲಿ ಪೇಟೆಂಟ್ ಪಡೆದ. ಇದು ಓರೆ ಮಾಡಿದರೂ ತಿರುಗುವುದಿಲ್ಲ. ಬಿಳಿ ಎನ್ನುವುದು ಬೂದು ಬಣ್ಣಕ್ಕೆ ಹತ್ತಿರ ಇರುತ್ತದೆ.

ಗೊಂದಲ ಹುಟ್ಟುವುದು ಪೆಟ್ಟಿಗೆಯೊಳಗೆ ಕೂತ ಟಿನ್‌ಟೈಪ್ ಮತ್ತು ಆಂಬ್ರೋಟೈಪ್‌ಗಳ ನಡುವೆ. ಆಂಬ್ರೋಟೈಪ್ ಗಾಜಿನ ಮೇಲಿನ ಚಿತ್ರ, ನೋಟಕ್ಕೆ ಎರಡೂ ಒಂದೇ. ಇಲ್ಲಿ ಅಯಸ್ಕಾಂತ ಬೇಕು, ಆದರೆ ಚಿಕ್ಕದು, ದುರ್ಬಲವಾದದ್ದು. ದಾರಕ್ಕೆ ಕಟ್ಟಿ ಪೆಟ್ಟಿಗೆಯ ಹಿಂಭಾಗದ ಹತ್ತಿರ ತೂಗಾಡಿಸಿ. ಅದು ಫಲಕದ ಕಡೆ ವಾಲಿದರೆ ಕಬ್ಬಿಣ. ಬಲವಾದ ನಿಯೋಡಿಮಿಯಂ ಅಯಸ್ಕಾಂತ ಬಳಸಬೇಡಿ. ಅದು ತಗಡನ್ನು ಎಳೆದು ಬಗ್ಗಿಸಬಲ್ಲದು, ಬಗ್ಗಿದಲ್ಲಿ ಅರಗು ಬಿರಿಯುತ್ತದೆ.

ಅಳತೆಯನ್ನು ಪಟ್ಟಿ ನೋಡಿ ಬರೆಯದೆ ಅಳೆದೇ ಬರೆಯಿರಿ. ಪೂರ್ಣ ಫಲಕ ಎಂದರೆ 6½ × 8½ ಇಂಚು, ಹೆಚ್ಚಾಗಿ ಸಿಗುವ ಆರನೇ ಒಂದು ಅಳತೆಯ ಫಲಕ 2¾ × 3¼ ಇಂಚು. ಆದರೆ ಕೈಯಲ್ಲಿ ಕತ್ತರಿಸಿದ ತಗಡುಗಳಾದ್ದರಿಂದ ಒಂದೆರಡು ಮಿಲಿಮೀಟರ್ ವ್ಯತ್ಯಾಸ ಸಾಮಾನ್ಯ. ಹೊಸ ಗಾಜು ಕತ್ತರಿಸುವಾಗ ಆ ಒಂದೆರಡು ಮಿಲಿಮೀಟರೇ ತೊಂದರೆ ಕೊಡುತ್ತದೆ.

ಬೆಳ್ಳಿ ಕಪ್ಪಾಗಿದೆ, ಉಜ್ಜಬಹುದೇ?

ಬೇಡ. ನಮ್ಮ ಮನೆಗಳಲ್ಲಿ ಬೆಳ್ಳಿಯ ದೀಪ, ತಟ್ಟೆ ಕಪ್ಪಾದರೆ ಹುಣಸೆಹಣ್ಣು, ವಿಭೂತಿ, ಟೂತ್‌ಪೇಸ್ಟ್ ಹಾಕಿ ಉಜ್ಜುವುದು ರೂಢಿ. ಡಗೆರೋಟೈಪಿಗೆ ಹಾಗೆ ಮಾಡಿದರೆ ಹೊಳೆಯುವ ಖಾಲಿ ತಗಡು ಉಳಿಯುತ್ತದೆ. ಮೆತ್ತನೆಯ ಕುಂಚವೂ ಗೀರು ಬಿಡುತ್ತದೆ.

ಕಪ್ಪಾಗುವುದು ಗಾಳಿಯಲ್ಲಿನ ಗಂಧಕದ ಅನಿಲಗಳಿಂದ. ಹಿತ್ತಾಳೆಯ ಚೌಕಟ್ಟಿನ ಅಂಚಿನಿಂದ ಒಳಮುಖವಾಗಿ ಹಳದಿ, ಕಂದು, ನೇರಳೆ, ನೀಲಿ ಪಟ್ಟೆಗಳು ಹಬ್ಬುತ್ತವೆ. ಪದರ ದಪ್ಪವಾದಂತೆ ಬಣ್ಣ ಬದಲಾಗುತ್ತದೆ. ಅಂಚಿನಿಂದಲೇ ಏಕೆ ಎಂದರೆ ಗಾಳಿ ಒಳಹೊಗುವ ದಾರಿ ಅದೇ, ಸುತ್ತ ಅಂಟಿಸಿದ್ದ ಕಾಗದದ ಪಟ್ಟಿ ಹರಿದಿದೆ ಎಂದು ಅರ್ಥ. ಈ ಕಪ್ಪು ಪದರ ಚಿತ್ರವನ್ನು ಮರೆಮಾಡುತ್ತದೆಯೇ ಹೊರತು ಸಾಮಾನ್ಯವಾಗಿ ಅಳಿಸುವುದಿಲ್ಲ. ಹಾಗಾಗಿ ಅದು ಹೆಚ್ಚದಂತೆ ತಡೆದರೆ ಸಾಕು.

ದೊಡ್ಡ ಸಂಗ್ರಹಾಲಯಗಳೂ ಈ ಪಾಠ ಕಲಿತದ್ದು ನಷ್ಟದ ನಂತರ. 1950ರ ದಶಕದ ನಡುವಿನಿಂದ ಥಯೋಯೂರಿಯಾ ಮತ್ತು ಫಾಸ್ಫಾರಿಕ್ ಆಮ್ಲದ ದ್ರಾವಣದಲ್ಲಿ ಫಲಕಗಳನ್ನು ಅದ್ದಿ ತೆಗೆಯುವ ಪದ್ಧತಿ ಹರಡಿತು. ಕ್ಷಣದಲ್ಲಿ ಕಪ್ಪು ಮಾಯವಾಗುತ್ತಿತ್ತು. ಆದರೆ ದ್ರಾವಣ ಬೆಳ್ಳಿಯನ್ನೇ ಸವೆಸುತ್ತಿತ್ತು, ತೊಳೆದರೂ ಹೋಗದ ಶೇಷ ಬಿಡುತ್ತಿತ್ತು. ವರ್ಷಗಳ ಮೇಲೆ ಆ ಫಲಕಗಳಲ್ಲಿ ಕಂದು ಚುಕ್ಕೆಗಳು ಎದ್ದವು. ಮೈತುಂಬ ಒಂದೇ ಬಗೆಯ ಸಣ್ಣ ಚುಕ್ಕೆಗಳಿರುವ, ನೆರಳುಗಳು ಮಂಕಾದ ಫಲಕ ನಿಮ್ಮಲ್ಲಿದ್ದರೆ ಅದು ಹೀಗೆ ಅದ್ದಿ ತೆಗೆದದ್ದಿರಬಹುದು. ದಾಖಲೆಯಲ್ಲಿ ಹಾಗೆಂದೇ ಬರೆದಿಡಿ. ಹಳೆಯ ಪುಸ್ತಕಗಳಲ್ಲಿ ಸಯನೈಡ್ ದ್ರಾವಣದ ಸಲಹೆಯೂ ಸಿಗುತ್ತದೆ. ಅದು ಫಲಕವನ್ನು ಸವೆಸುತ್ತದೆ, ಮನುಷ್ಯನನ್ನೂ ಕೊಲ್ಲುತ್ತದೆ.

ಮಸುಕು ಗಾಜಿನದೋ, ಫಲಕದ್ದೋ?

ಕೆಟ್ಟುಹೋಗಿದೆ ಎಂದು ಬದಿಗಿಟ್ಟ ಎಷ್ಟೋ ಡಗೆರೋಟೈಪ್‌ಗಳಲ್ಲಿ ಕೆಟ್ಟಿರುವುದು ಮೇಲಿನ ಗಾಜು ಮಾತ್ರ. 19ನೆಯ ಶತಮಾನದ ಆ ಗಾಜಿನಲ್ಲಿ ಕ್ಷಾರದ ಅಂಶ ಹೆಚ್ಚಿರುವುದುಂಟು. ಗಾಳಿಯ ತೇವಕ್ಕೆ ಸೋಡಿಯಂ, ಪೊಟ್ಯಾಸಿಯಂ ಹೊರಗೆ ಬಂದು ಒಳಮೈಯಲ್ಲಿ ಹನಿಗಟ್ಟುತ್ತದೆ. ಒಣಗಿದರೆ ಹರಳು, ತೇವ ಬಂದರೆ ಮತ್ತೆ ಹನಿ. ಕ್ಷಾರದ ಆ ಹನಿ ಫಲಕದ ಮೇಲೆ ಬಿದ್ದರೆ ಕಲೆಯಾಗುತ್ತದೆ, ಬೆಳ್ಳಿಯಲ್ಲಿ ಸಣ್ಣ ರಂಧ್ರವಿದ್ದಲ್ಲಿ ಅಡಿಯ ತಾಮ್ರ ಹಸಿರು ಕಿಲುಬಾಗಿ ಮೇಲೇಳುತ್ತದೆ.

ಪರೀಕ್ಷೆ ಹೀಗೆ. 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಹಿಡಿದು, ದೀಪವನ್ನು ಪಕ್ಕದಿಂದ ತಗ್ಗಾಗಿ ಬೀಳಿಸಿ. ಕಲೆಯನ್ನೂ ಚಿತ್ರದ ಒಂದು ಗುರುತನ್ನೂ, ಅಂಗಿಯ ಗುಂಡಿಯೋ ಕಣ್ಣಿನ ಮೂಲೆಯೋ ಯಾವುದಾದರೂ ಆಗಲಿ, ಒಟ್ಟಿಗೆ ನೋಡುತ್ತಾ ತಲೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ. ಕಲೆ ಗುಂಡಿಯಿಂದ ದೂರ ಸರಿದಂತೆ ಕಂಡರೆ ಅದು ಗಾಜಿನ ಮೇಲಿದೆ. ಎರಡೂ ಜೊತೆಗೇ ನಿಂತರೆ ಫಲಕದ ಮೇಲಿದೆ. ಗಾಜಿನದಾದರೆ ಒಳ್ಳೆಯ ಸುದ್ದಿ, ಆದರೆ ತಡಮಾಡುವಂತಿಲ್ಲ.

ಬಿಚ್ಚುವುದು, ಹೊಸ ಗಾಜು ಹಾಕುವುದು

ಮೊದಲು ಒಂದು ಎಚ್ಚರಿಕೆ. ಅಂಟುಪಟ್ಟಿ ಹರಿಯದೆ ಗಟ್ಟಿಯಾಗಿದ್ದು ಗಾಜು ಸ್ವಚ್ಛವಾಗಿದ್ದರೆ ಬಿಚ್ಚಲೇಬೇಡಿ. ಮೂಲ ಪಟ್ಟಿಯೂ ಚರಿತ್ರೆಯ ಭಾಗ, ಸ್ಟುಡಿಯೋದವರು ಅಂಟಿಸಿದ್ದು ಇಂದಿಗೂ ಉಳಿದಿರುವುದು ಅಪರೂಪ. ಕಬ್ಬಿಣದ ಅಥವಾ ಗಾಜಿನ ಚಿತ್ರವಾದರೆ, ಬಣ್ಣ ಹಚ್ಚಿದ ಚಿತ್ರವಾದರೆ, ಕಿಲುಬು ಎದ್ದಿದ್ದರೆ ಕೆಲಸವನ್ನು ತಜ್ಞರಿಗೆ ಬಿಡಿ. ಗಾಜು ಹನಿಗಟ್ಟಿದ, ಪಟ್ಟಿ ಹರಿದ ಸಾದಾ ಡಗೆರೋಟೈಪಿಗೆ ಮಾತ್ರ, ಅದೂ ಹಳೆಯ ಖಾಲಿ ತಗಡುಗಳ ಮೇಲೆ ಕೈ ಪಳಗಿಸಿಕೊಂಡ ಮೇಲೆ, ಮುಂದಿನ ಕ್ರಮ.

ಕೋಣೆಯ ಆರ್ದ್ರತೆ ನೋಡಿಕೊಳ್ಳಿ. ಮೊಹರು ಮಾಡುವ ಹೊತ್ತಿನ ಗಾಳಿಯೇ ಒಳಗೆ ಉಳಿಯುವುದರಿಂದ ಅದು ಶೇ. 35ರಿಂದ 40ರ ನಡುವೆ ಇರಬೇಕು. ಮಂಗಳೂರು, ಉಡುಪಿಯಂಥ ಕಡೆ ಮಳೆಗಾಲದಲ್ಲಿ ಕಿಟಕಿ ತೆರೆದು ಈ ಕೆಲಸ ಮಾಡಿದರೆ ತೇವವನ್ನೇ ಒಳಗೆ ಕೂಡಿಹಾಕಿದಂತಾಗುತ್ತದೆ. ಎಸಿ ಅಥವಾ ತೇವ ಹೀರುವ ಯಂತ್ರವಿರುವ ಕೋಣೆ ಬೇಕು.

ಪುಡಿ ಇಲ್ಲದ ನೈಟ್ರೈಲ್ ಕೈಗವಸು ಹಾಕಿ. ಹತ್ತಿಯದು ತಗಡಿನ ಅಂಚಿಗೆ ಸಿಕ್ಕಿಕೊಳ್ಳುತ್ತದೆ, ರಬ್ಬರಿನದರಲ್ಲಿ ಗಂಧಕ ಇರುತ್ತದೆ. ಮೇಜಿನ ಮೇಲೆ ಮೆತ್ತನೆಯ ಶುಭ್ರ ಹಾಸು ಇರಲಿ, ಉಣ್ಣೆಯದು ಬೇಡ. ತೆರೆದ ಫಲಕದ ಮೇಲೆ ಬಾಗಿ ಮಾತಾಡಬೇಡಿ, ಎಂಜಲಿನ ಒಂದು ಕಣ ಶಾಶ್ವತ ಕಲೆ. ಮುಖಗವಸು ಹಾಕಿಕೊಳ್ಳುವುದು ಒಳ್ಳೆಯದು.

ಪೆಟ್ಟಿಗೆಯಲ್ಲಿ ಫಲಕ, ಅದರ ಮೇಲೆ ಹಿತ್ತಾಳೆಯ ಕಿಟಕಿ ಚೌಕಟ್ಟು, ಅದರ ಮೇಲೆ ಗಾಜು, ಮೂರನ್ನೂ ಸುತ್ತಿದ ಕಾಗದದ ಪಟ್ಟಿ, ಹೊರಗೆ ತೆಳು ಹಿತ್ತಾಳೆಯ ಅಂಚುಪಟ್ಟಿ ಇರುತ್ತವೆ. 1840ರ ದಶಕದ ಕೊನೆಗಿಂತ ಹಿಂದಿನವುಗಳಲ್ಲಿ ಈ ಅಂಚುಪಟ್ಟಿ ಇರುವುದಿಲ್ಲ. ಪೆಟ್ಟಿಗೆಯ ಗೋಡೆಗೂ ಅಂಚುಪಟ್ಟಿಗೂ ನಡುವಿನ ಸಂದಿಯಲ್ಲಿ ತೆಳು ಮೊಂಡು ಸಲಾಕೆ ತೂರಿಸಿ ಒಂದೊಂದು ಬದಿಯಿಂದ ತುಸುವೇ ಎತ್ತಿ. ಒಂದೇ ಮೂಲೆಯಿಂದ ಮೀಟಿದರೆ ಗಾಜು ಒಡೆಯುತ್ತದೆ. ಇಡೀ ಕಟ್ಟು ಹೊರಬಂದ ಮೇಲೆ ಹಿಂಬದಿಗೆ ಮಡಚಿದ ಹಿತ್ತಾಳೆಯನ್ನು ಬಿಡಿಸಿ. ಹಳೆಯ ಹಿತ್ತಾಳೆ ಎರಡು ಸಲ ಮಡಚಿದರೆ ಮುರಿಯುತ್ತದೆ, ಆದ್ದರಿಂದ ಎಷ್ಟು ಬಿಡಿಸಿದರೆ ಕಟ್ಟು ಜಾರಿ ಬರುತ್ತದೋ ಅಷ್ಟೇ ಬಿಡಿಸಿ.

ಪ್ರತಿ ಹಂತದಲ್ಲೂ ಫೋಟೋ ತೆಗೆಯಿರಿ. ಪೆಟ್ಟಿಗೆಯ ತಳದಲ್ಲಿ ಹೆಸರು ಬರೆದ ಚೀಟಿ, ಕೂದಲಿನ ಎಳೆ, ಸ್ಟುಡಿಯೋದ ಕಾಗದ ಸಿಗುವುದುಂಟು. ಫಲಕದ ಮೂಲೆಯಲ್ಲಿ ತಯಾರಕರ ಮುದ್ರೆ ಇರಬಹುದು. ಅದರಲ್ಲಿ 40 ಎಂದಿದ್ದರೆ ತಗಡಿನ ನಲವತ್ತರಲ್ಲಿ ಒಂದು ಪಾಲು ಬೆಳ್ಳಿ ಎಂದು ತಯಾರಕರು ಹೇಳಿಕೊಂಡ ಲೆಕ್ಕ. ಮುದ್ರೆ ಮತ್ತೆ ಚೌಕಟ್ಟಿನಡಿ ಮುಚ್ಚಿಹೋಗುವುದರಿಂದ ನೋಡಿ ಬರೆದುಕೊಳ್ಳಲು ಇದೊಂದೇ ಅವಕಾಶ.

ಕಾಗದದ ಪಟ್ಟಿ ಉಳಿದಿದ್ದರೆ ಗಾಜಿನ ಅಂಚಿನಲ್ಲಿ ಕೊಯ್ದು ಬಿಡಿಸಿ. ಗಾಜನ್ನು ನೇರ ಮೇಲಕ್ಕೆ ಎತ್ತಿ, ಜಾರಿಸಬೇಡಿ. ಚೌಕಟ್ಟನ್ನೂ ಹಾಗೆಯೇ. ಫಲಕದ ಮೇಲಿನ ಸಡಿಲ ಧೂಳಿಗೆ ರಬ್ಬರ್ ಬಲ್ಬಿನಿಂದ ಗಾಳಿ ಊದಬಹುದು. ಬಲ್ಬಿನ ಮೂತಿ 5 ಸೆಂಟಿಮೀಟರಿಗಿಂತ ಹತ್ತಿರ ಬರದಿರಲಿ. ಗಾಳಿಗೆ ಹೋಗದ ಧೂಳು ಅಲ್ಲೇ ಇರಲಿ. ಡಬ್ಬಿಯಲ್ಲಿ ಬರುವ ಒತ್ತಡದ ಗಾಳಿ ಬೇಡ, ಅದರೊಳಗಿನ ದ್ರವ ಚಿಮ್ಮಿ ಕಲೆಯಾಗುತ್ತದೆ. ಹಿತ್ತಾಳೆಯ ಚೌಕಟ್ಟಿಗೂ ಪಾಲಿಷ್ ಹಾಕಬೇಡಿ.

ಹಳೆಯ ಗಾಜನ್ನು ಬಟ್ಟಿ ಇಳಿಸಿದ ನೀರಿಗೆ ಸೌಮ್ಯ ಸಾಬೂನು ದ್ರಾವಣದ ಒಂದೆರಡು ಹನಿ ಹಾಕಿ ಎರಡೂ ಬದಿ ತೊಳೆದು, ಬರಿಯ ಬಟ್ಟಿ ನೀರಿನಲ್ಲಿ ಮೂರು ಸಲ ಜಾಲಿಸಿ, ಎಳೆ ಬಿಡದ ಬಟ್ಟೆಯಲ್ಲಿ ಒರೆಸಿ ಮತ್ತೆ ಹಾಕಬಹುದು. ಆದರೆ ಅದು ತಾತ್ಕಾಲಿಕ, ಕೆಟ್ಟ ಗಾಜು ಮತ್ತೆ ಹನಿಗಟ್ಟುತ್ತದೆ. ಬೋರೋಸಿಲಿಕೇಟ್ ಗಾಜೇ ಸರಿ, ಪ್ರಯೋಗಾಲಯದ ಬೀಕರುಗಳನ್ನು ಮಾಡುವ ಗಾಜಿನ ಜಾತಿ ಅದು, ಕ್ಷಾರ ಕಡಿಮೆ. ದಪ್ಪ ಹಳೆಯದಕ್ಕಿಂತ ಹೆಚ್ಚಿದ್ದರೆ ಅಂಚುಪಟ್ಟಿ ಮುಚ್ಚುವುದಿಲ್ಲ. ಕಡಿಮೆಯಿದ್ದರೆ ಹಿಂದೆ ಪಾಲಿಯೆಸ್ಟರ್ ಹಾಳೆ ಇಟ್ಟು ಸರಿದೂಗಿಸಬಹುದು. ಹಳೆಯ ಗಾಜನ್ನು ಎಸೆಯದೆ ಬೇರೆ ಲಕೋಟೆಯಲ್ಲಿ, ಅದೇ ಸಂಖ್ಯೆ ಬರೆದು ಇಡಿ.

ಮೊಹರಿಗೆ ಬೇಕಾದದ್ದು ಆಮ್ಲರಹಿತ, ಅಕ್ರಿಲಿಕ್ ಅಂಟಿನ ಕಾಗದದ ಪಟ್ಟಿ. ಸಂರಕ್ಷಣಾಲಯಗಳಲ್ಲಿ ಫಿಲ್ಮೋಪ್ಲಾಸ್ಟ್ ಪಿ90 ಹೆಚ್ಚು ಬಳಕೆಯಲ್ಲಿದೆ. ಸೆಲ್ಲೋ ಟೇಪ್, ಕಂದು ಪ್ಯಾಕಿಂಗ್ ಟೇಪ್ ಹತ್ತಿರವೂ ಬರಬಾರದು. ಅಂಟು ಬೆಳ್ಳಿಗೆ, ತಾಮ್ರಕ್ಕೆ ತಾಕದಂತೆ ಫಲಕದ ಹಿಂದೆ ಮತ್ತು ನಾಲ್ಕು ಅಂಚಿಗೆ ಬರುವಂತೆ ತೆಳು ಪಾಲಿಯೆಸ್ಟರ್ ಹಾಳೆಯನ್ನು ತಟ್ಟೆಯಾಗಿ ಮಡಚಿ ಫಲಕವನ್ನು ಅದರಲ್ಲಿ ಕೂರಿಸಿ. ಸಾದಾ ಪಾಲಿಯೆಸ್ಟರ್ ಆಗಬೇಕು, ಪಿವಿಸಿ ಅಲ್ಲ. ಮೇಲೆ ಚೌಕಟ್ಟು, ಗಾಜು. ಗಾಜಿನ ಮುಂಭಾಗಕ್ಕೆ ಪಟ್ಟಿ 2 ಮಿಲಿಮೀಟರಿಗಿಂತ ಹೆಚ್ಚು ಬಾರದಿರಲಿ, ಅಂಚುಪಟ್ಟಿಯಡಿ ಅಷ್ಟೇ ಮುಚ್ಚುತ್ತದೆ. ಉಳಿದದ್ದು ಹಿಂದಕ್ಕೆ ಹೋಗಲಿ. ಮೂಲೆಗಳನ್ನು ಬೆರಳುಗುರಿನಿಂದಲ್ಲ, ಮೊಂಡು ಮೂಳೆಯ ಕಡ್ಡಿಯಿಂದ ಒತ್ತಿ. ಗಾಳಿ ನುಸುಳುವುದು ಮೂಲೆಯಲ್ಲೇ.

ಇದೇ ತತ್ವವನ್ನು ಕೊನೆಯವರೆಗೆ ಒಯ್ದ ಉದಾಹರಣೆ ಅಮೆರಿಕದ ಸಿನ್ಸಿನಾಟಿಯ ಸಾರ್ವಜನಿಕ ಗ್ರಂಥಾಲಯದಲ್ಲಿದೆ. ಫೊಂಟೇನ್ ಮತ್ತು ಪೋರ್ಟರ್ 1848ರಲ್ಲಿ ನದಿಯ ಆಚೆ ದಡದಿಂದ ತೆಗೆದ ನಗರದ ನೋಟ, 8 ಪೂರ್ಣ ಫಲಕಗಳು. ಅವನ್ನು ಈಗ ಬೆಳ್ಳಿಯೊಡನೆ ವರ್ತಿಸದ ಆರ್ಗಾನ್ ಅನಿಲ ತುಂಬಿದ ಚೌಕಟ್ಟುಗಳಲ್ಲಿ ಇಟ್ಟಿದ್ದಾರೆ.

ಟಿನ್‌ಟೈಪ್ ಬೇರೆ ಕಥೆ

ಇಲ್ಲಿ ವಾರ್ನಿಷ್ ಇರುವುದರಿಂದ ಮೇಲ್ಮೈ ಸ್ವಲ್ಪ ಗಟ್ಟಿ, ಆದರೆ ತಗಡು ತುಂಬ ತೆಳು. ಬಗ್ಗಿದರೆ ಅರಗು ಬಿರಿಯುತ್ತದೆ, ಬಿರುಕಿನಲ್ಲಿ ತೇವ ಇಳಿದು ತುಕ್ಕು ಹಿಡಿಯುತ್ತದೆ, ತುಕ್ಕು ಉಬ್ಬಿ ಅರಗನ್ನೂ ಚಿತ್ರವನ್ನೂ ಮೇಲಕ್ಕೆ ತಳ್ಳಿ ಚಕ್ಕೆಯಾಗಿ ಉದುರಿಸುತ್ತದೆ. ಆದ್ದರಿಂದ ಬಗ್ಗಿದ ತಗಡನ್ನು ನೇರ ಮಾಡಲು ಹೋಗಬೇಡಿ, ಇನ್ನೊಂದು ಸುತ್ತು ಬಿರುಕು ಬೀಳುತ್ತದೆ. ನೀರು, ಸ್ಪಿರಿಟ್ ಎರಡೂ ಬೇಡ. ಸ್ಪಿರಿಟ್ ವಾರ್ನಿಷನ್ನು ಕರಗಿಸುತ್ತದೆ, ಕಲೋಡಿಯನ್ನಿಗೂ ಅಪಾಯ. ತುಕ್ಕು ಬಿಡಿಸುವ ಎಣ್ಣೆಯಂತೂ ದೂರದ ಮಾತು.

ಚಕ್ಕೆ ಏಳದ ಗಟ್ಟಿ ಟಿನ್‌ಟೈಪನ್ನು ಪಾಲಿಯೆಸ್ಟರ್ ಹಾಳೆಯ ಲಕೋಟೆಯಲ್ಲಿ, ಹಿಂದೆ ಆಮ್ಲರಹಿತ ರಟ್ಟು ಕೊಟ್ಟು ಇಡಬಹುದು. ಚಕ್ಕೆ ಎದ್ದಿದ್ದರೆ ಪಾಲಿಯೆಸ್ಟರ್ ಬೇಡ. ಅದರ ಸ್ಥಿರ ವಿದ್ಯುತ್ತು ಚಕ್ಕೆಯನ್ನು ಎಳೆದುಕೊಳ್ಳುತ್ತದೆ. ಅಂಥದನ್ನು ತಗಡಿನ ದಪ್ಪಕ್ಕೆ ಕೊರೆದ ರಟ್ಟಿನ ಗೂಡಿನಲ್ಲಿ ಮಲಗಿಸಿ, ನಾಲ್ಕು ಕಿವಿಯ ಕಾಗದದ ಹೊದಿಕೆ ಸುತ್ತಿ, ಮಟ್ಟಸವಾಗಿ ಇಡಿ.

ಪೆಟ್ಟಿಗೆ ಮತ್ತು ತೇವ

ಆರ್ದ್ರತೆ ಶೇ. 30ರಿಂದ 40, ಉಷ್ಣತೆ 18ರಿಂದ 20 ಡಿಗ್ರಿ ಸೆಲ್ಸಿಯಸ್, ಎರಡೂ ಏರುಪೇರಾಗದೆ ಇರಬೇಕು. ಶೇ. 30ಕ್ಕಿಂತ ಇಳಿದರೆ ಪೆಟ್ಟಿಗೆಯ ಮರ, ಚರ್ಮ ಬಿರಿಯುತ್ತವೆ. ಇಡೀ ಕೋಣೆಯನ್ನು ಹೀಗಿಡಲು ಆಗದಿದ್ದರೆ ಒಂದು ಡಬ್ಬವನ್ನು ಹೀಗಿಡಬಹುದು. ಗಾಳಿಯಾಡದ ಮುಚ್ಚಳದ ಪಾಲಿಪ್ರೊಪಿಲೀನ್ ಡಬ್ಬ, ಒಳಗೆ ಚಿಕ್ಕ ಡಿಜಿಟಲ್ ಆರ್ದ್ರತಾಮಾಪಕ, ಸಿಲಿಕಾ ಜೆಲ್. ವಸ್ತುಸಂಗ್ರಹಾಲಯಗಳ ಹಳೆಯ ಲೆಕ್ಕ ಒಂದು ಘನ ಮೀಟರಿಗೆ 20 ಕಿಲೋ, ಅಂದರೆ 10 ಲೀಟರಿನ ಡಬ್ಬಕ್ಕೆ 200 ಗ್ರಾಂ. ಜೆಲ್ಲನ್ನು ಪೂರ್ತಿ ಒಣಗಿಸಿ ಹಾಕಿದರೆ ಆರ್ದ್ರತೆ ಅತಿಯಾಗಿ ಇಳಿಯುತ್ತದೆ. ಮೊದಲು ಶೇ. 40 ಇರುವ ಕೋಣೆಯಲ್ಲಿ ತಟ್ಟೆಯಲ್ಲಿ ಹರಡಿ, ದಿನಾ ತೂಗಿ, ತೂಕ ಬದಲಾಗುವುದು ನಿಂತ ಮೇಲೆ ಹಾಕಿ. ನೀಲಿ ಬಣ್ಣದ ಜೆಲ್ಲಿನಲ್ಲಿ ವಿಷಕಾರಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಕಿತ್ತಳೆ ಬಣ್ಣದ್ದನ್ನು ಅಥವಾ ಬಣ್ಣವಿಲ್ಲದ್ದನ್ನು ಕೊಳ್ಳಿ.

ಮಖಮಲ್ಲಿಗೆ ಹುಳು ಬೀಳದಿರಲೆಂದು ನುಸಿಗುಳಿಗೆ ಹಾಕುವವರಿದ್ದಾರೆ. ಅದರ ಆವಿ ಮತ್ತೆ ಹರಳಾಗಿ ಗಾಜಿನ ಮೇಲೆ, ಹಿತ್ತಾಳೆಯ ಮೇಲೆ ಕೂರುತ್ತದೆ. ಬೇಡ. ರಬ್ಬರ್ ಬ್ಯಾಂಡ್, ಉಣ್ಣೆ, ಹೊಸ ಪ್ಲೈವುಡ್ಡಿನ ಬೀರು, ಪೇಂಟಿನ ವಾಸನೆ ಇನ್ನೂ ಹೋಗದ ಕಪಾಟು ಇವೂ ಬೇಡ. ಪೆಟ್ಟಿಗೆಯಲ್ಲಿರುವ ಚಿತ್ರಗಳನ್ನು ಮಲಗಿಸಿಡಿ, ಮುಚ್ಚಳದ ಚರ್ಮದ ಕೀಲು ಹರಿದಿದ್ದರೆ ಹತ್ತಿಯ ಲಾಡಿಯಿಂದ ಸಡಿಲವಾಗಿ ಕಟ್ಟಿ.

ಬೆಳಕು, ಮತ್ತು ಪ್ರತಿ ತೆಗೆಯುವುದು

ಡಗೆರೋಟೈಪ್ ಬೆಳಕಿಗೆ ಜಗ್ಗುವುದಿಲ್ಲ ಎಂಬ ನಂಬಿಕೆ ಬಹುಕಾಲ ಇತ್ತು. 2005ರಲ್ಲಿ ಬಾಸ್ಟನ್ನಿನ ಸೌತ್‌ವರ್ತ್ ಮತ್ತು ಹಾಸ್ ಸ್ಟುಡಿಯೋದ ಫಲಕಗಳ ಪ್ರದರ್ಶನ ನ್ಯೂಯಾರ್ಕಿನಲ್ಲಿ ನಡೆದಾಗ ಕೆಲವು ಫಲಕಗಳ ಮೇಲೆ ಬಿಳಿ ಮಸುಕು ಎದ್ದಿತು. ಮೇಲ್ಮೈಯಲ್ಲಿದ್ದ ಬೆಳ್ಳಿಯ ಕ್ಲೋರೈಡ್ ಬೆಳಕಿಗೆ ಬದಲಾದದ್ದು ಅದಕ್ಕೆ ಕಾರಣ ಎಂದು ಆಮೇಲಿನ ಪರೀಕ್ಷೆಗಳು ತೋರಿಸಿದವು. ಅದಕ್ಕೇ 50 ಲಕ್ಸ್ (ಬೆಳಕಿನ ತೀವ್ರತೆಯ ಅಳತೆ) ಮೀರದ, ಅತಿನೇರಳೆ ಕಿರಣವಿಲ್ಲದ ಬೆಳಕು, ಒಂದು ಸಲಕ್ಕೆ ಮೂರು ತಿಂಗಳು ಮೀರದ ಪ್ರದರ್ಶನ. ಸಂಶಯವಿದ್ದರೆ ಮೂಲವನ್ನು ಕತ್ತಲಲ್ಲಿಟ್ಟು ಪ್ರತಿಯನ್ನು ತೋರಿಸಿ.

ಪ್ರತಿಗೆ ಸ್ಕ್ಯಾನರ್ ಬೇಡ, ಕ್ಯಾಮೆರಾ ಬೇಕು. ಡಗೆರೋಟೈಪ್ ಕನ್ನಡಿಯಾದ್ದರಿಂದ ಅದರಲ್ಲಿ ಲೆನ್ಸೇ ಕಾಣುತ್ತದೆ. ಕಪ್ಪು ರಟ್ಟಿನ ನಡುವೆ ಲೆನ್ಸಿನಷ್ಟೇ ತೂತು ಕೊರೆದು ಲೆನ್ಸಿಗೆ ಸಿಕ್ಕಿಸಿ, ಕೋಣೆ ಕತ್ತಲು ಮಾಡಿ, ಎರಡು ಪಕ್ಕದಿಂದ ತಗ್ಗಿನ ಬೆಳಕು ಕೊಡಿ. ಆಗಿನ ಕುಶಲಕರ್ಮಿಗಳು ಕೊನೆಯ ಉಜ್ಜನ್ನು ಅಡ್ಡಕ್ಕೆ ಮಾಡುತ್ತಿದ್ದರು. ಹಾಗಾಗಿ ಗೆರೆಗಳು ಚಿತ್ರಕ್ಕೆ ಅಡ್ಡವಾಗಿರುತ್ತವೆ. ಬೆಳಕು ಎಡ ಬಲದಿಂದ ಬಂದರೆ ಗೆರೆ ಕಾಣುವುದಿಲ್ಲ, ಮೇಲೆ ಕೆಳಗಿನಿಂದ ಬಂದರೆ ಇಡೀ ಮುಖದ ಮೇಲೆ ಗೀಚಿದಂತೆ ಎದ್ದು ಕಾಣುತ್ತದೆ. ಈ ಚಿತ್ರಗಳಲ್ಲಿ ಎಡ ಬಲ ಅದಲುಬದಲಾಗಿರುವುದು ಸಾಮಾನ್ಯ. ಮೂಲ ಕಡತದಲ್ಲಿ ಅದನ್ನು ತಿರುಗಿಸಬೇಡಿ.

ತಜ್ಞರ ನೆರವು ಬೇಕಾದರೆ ಲಖನೌದ ರಾಷ್ಟ್ರೀಯ ಸಾಂಸ್ಕೃತಿಕ ಆಸ್ತಿ ಸಂರಕ್ಷಣಾ ಸಂಶೋಧನಾಲಯದ ಪ್ರಾದೇಶಿಕ ಪ್ರಯೋಗಾಲಯ ಮೈಸೂರಿನಲ್ಲಿದೆ, ಪರಂಪರೆಯ ರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರ ಬೆಂಗಳೂರಿನಲ್ಲಿದೆ. ಯಾರನ್ನೇ ಕೇಳಿದರೂ ಡಗೆರೋಟೈಪ್ ಅಥವಾ ಕಲೋಡಿಯನ್ ಚಿತ್ರಗಳ ಮೇಲೆ ಕೆಲಸ ಮಾಡಿದ್ದೀರಾ ಎಂದು ನೇರವಾಗಿ ವಿಚಾರಿಸಿ. ಕಾಗದದ ಫೋಟೋಗಳಲ್ಲಿ ನುರಿತವರ ಕೈಗೂ ಇವು ಹೊಸತಾಗಿರಬಹುದು.

ನೀರು ನುಗ್ಗಿ ನೆನೆದರೆ ಮೊದಲು ಎತ್ತಿಕೊಳ್ಳಬೇಕಾದದ್ದು ಟಿನ್‌ಟೈಪ್ ಮತ್ತು ಆಂಬ್ರೋಟೈಪ್. ಒದ್ದೆ ಕಾಗದ, ಪುಸ್ತಕಗಳನ್ನು ಹಿಮಗಟ್ಟಿಸಿ ಉಳಿಸುವ ಪದ್ಧತಿ ಇವಕ್ಕೆ ನಡೆಯುವುದಿಲ್ಲ, ಕಲೋಡಿಯನ್ ಪದರ ಬಿಟ್ಟುಕೊಳ್ಳುತ್ತದೆ. ಡಗೆರೋಟೈಪನ್ನೂ ಫ್ರೀಜರಿನಲ್ಲಿ ಇಡಬೇಡಿ. ಎಲ್ಲವನ್ನೂ ಚಿತ್ರ ಮೇಲ್ಮುಖವಾಗಿ, ಹೀರುವ ಕಾಗದದ ಮೇಲೆ, ಫ್ಯಾನಿನ ಗಾಳಿ ನೇರ ಬೀಳದ ಕಡೆ ಒಣಗಲು ಬಿಡಿ. ಹನಿಗಳನ್ನು ಒತ್ತಿ ತೆಗೆಯಬೇಡಿ. ಪೆಟ್ಟಿಗೆ, ಚೌಕಟ್ಟು, ಗಾಜು ಬೇರೆಯಾಗಿದ್ದರೆ ಪ್ರತಿಯೊಂದರ ಪಕ್ಕದಲ್ಲೂ ಅದರ ಸಂಖ್ಯೆಯ ಚೀಟಿ ಇಡಿ.